ನಾಲ್ಕು ಸೀಟಿನ ವಿಮಾನದಲ್ಲಿ ನಿಜವಾಗಿ ಎಷ್ಟು ಜನ ಹಿಡಿಸುತ್ತಾರೆ? ಕ್ಯಾಬಿನ್, ಬ್ಯಾಗು, ತೂಕ ಹೋಲಿಸೋದು ಹೇಗೆ

"ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ಅವರನ್ನು ಕೂರಿಸಿಕೊಂಡು ಬೆಟ್ಟದ ಮೇಲಿನ ಲೇಕ್ ಟಾಹೋಗೆ ಹೋಗಬೇಕು. ಫ್ಲೈಯಿಂಗ್ ಕ್ಲಬ್ಬಿನಲ್ಲಿ ಸೆಸ್ನಾನೂ ಇದೆ, ಪೈಪರ್ರೂ ಇದೆ, ಸಿರಸ್ಸೂ ಇದೆ. ಯಾವುದು ತಗೊಳ್ಳಲಿ?"

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್ ಮಾಡಿಕೊಂಡ ಕನ್ನಡದವರು ಈಗ ಒಬ್ಬಿಬ್ಬರಲ್ಲ. ಬೇಸಿಗೆ ಬಂತೆಂದರೆ ನನಗೆ ಇದೇ ಪ್ರಶ್ನೆ ಬರುತ್ತದೆ, ಕೇಳುವವರ ಹೆಸರು ಮಾತ್ರ ಬೇರೆ. (ಸೆಸ್ನಾ, ಪೈಪರ್, ಸಿರಸ್ ಅನ್ನೋದು ಸಣ್ಣ ವಿಮಾನ ಮಾಡುವ ಕಂಪನಿಗಳ ಹೆಸರು.) ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಇಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೀಟು ಎಣಿಸಿ ಜನ ಲೆಕ್ಕ ಹಾಕಬೇಡಿ. ಕಾರಿನಲ್ಲಿ ಐದು ಸೀಟು ಇದ್ದರೆ ಐದು ಜನ, ಡಿಕ್ಕಿ ತುಂಬ ಸಾಮಾನು, ಟ್ಯಾಂಕ್ ಫುಲ್, ಹೊರಡು ಅಂದರೆ ಹೊರಡುತ್ತದೆ. ಸಣ್ಣ ವಿಮಾನದಲ್ಲಿ ಸೀಟು, ಸಾಮಾನು, ಪೆಟ್ರೋಲು ಈ ಮೂರರಲ್ಲಿ ಯಾವುದಾದರೂ ಎರಡನ್ನು ಮಾತ್ರ ಪೂರ್ತಿ ತುಂಬಬಹುದು. ಹೆಚ್ಚಿನ ವಿಮಾನಗಳ ಕಥೆ ಇಷ್ಟೇ. ಯಾರು ಎಲ್ಲಿ ಆರಾಮಾಗಿ ಕೂರುತ್ತಾರೆ, ಬ್ಯಾಗು ಎಲ್ಲಿ ಇಡೋದು ಅನ್ನೋದು ಬೇರೆ ಬೇರೆ ಪ್ರಶ್ನೆ ಅನ್ನಿಸುತ್ತದೆ. ಆದರೆ ಎರಡೂ ಒಂದೇ ಲೆಕ್ಕಕ್ಕೆ ಬಂದು ಸೇರುತ್ತವೆ.

ಮೊದಲು ಕೈಯಲ್ಲಿ ಇರಬೇಕಾದ್ದು

ಮನೆಯ ತೂಕದ ಯಂತ್ರ. ಒಂದು ಅಳತೆ ಟೇಪು. ನೀವು ತಗೊಳ್ಳಬೇಕೆಂದಿರುವ ವಿಮಾನದ ತೂಕದ ಹಾಳೆ. ಗಮನಿಸಿ, ಅದೇ ವಿಮಾನದ್ದು, ಅಂದರೆ ಬಾಲದ ಮೇಲೆ ಬರೆದ ನಂಬರಿನದು. ಅದೇ ಮಾಡೆಲ್ಲಿನ ಇನ್ನೊಂದರದ್ದು ಆಗಲ್ಲ. ಜೊತೆಗೆ ಪಿ.ಒ.ಎಚ್., ಅಂದರೆ ಪೈಲಟ್ಟಿನ ಕೈಪಿಡಿ. ಮತ್ತೆ ಒಂದು ಗಂಟೆ ಪುರುಸೊತ್ತು.

ಹಂತ 1: ಎಲ್ಲರನ್ನೂ ತೂಕ ಹಾಕಿ, ಸುಮ್ನೆ ಕೇಳಬೇಡಿ

ಜನ ತಮ್ಮ ತೂಕ ಹೇಳುವಾಗ ನಾಲ್ಕೈದು ಕೆ.ಜಿ. ಕಮ್ಮಿ ಹೇಳುತ್ತಾರೆ. ಅದೂ ಯಾವತ್ತೋ ಡಾಕ್ಟರ ಹತ್ತಿರ ನೋಡಿದ್ದು. ಅತ್ತೆಯವರ ತೂಕ ಕೇಳೋದು ಹೇಗೆ ಅಂತ ಒಬ್ಬರು ನಿಜವಾಗಿಯೂ ಕೇಳಿದ್ದರು. ಉಪಾಯ ಸುಲಭ. ಹೊರಡುವ ಹಿಂದಿನ ದಿನ ಎಲ್ಲರೂ ಶೂ, ಸ್ವೆಟರು ಹಾಕಿಕೊಂಡು, ತಮ್ಮ ಬ್ಯಾಗು ಕೈಯಲ್ಲಿ ಹಿಡಿದುಕೊಂಡು ಯಂತ್ರದ ಮೇಲೆ ನಿಲ್ಲಲಿ. ಬ್ಯಾಗಿನದು ಎಷ್ಟು, ಮನುಷ್ಯರದು ಎಷ್ಟು ಅಂತ ಯಾರಿಗೂ ಗೊತ್ತಾಗಲ್ಲ. ಬ್ಯಾಗನ್ನು ಆಮೇಲೆ ನೀವೊಬ್ಬರೇ ಬೇರೆಯಾಗಿ ತೂಕ ಹಾಕಿ ಕಳೆಯಿರಿ.

ಇಲ್ಲೇ ಮೊದಲ ಹಳ್ಳ. ಅಮೆರಿಕದ ಕೈಪಿಡಿಗಳು ಪೌಂಡು, ಗ್ಯಾಲನ್ನಿನಲ್ಲಿ ಇರುತ್ತವೆ. ಆಸ್ಟ್ರಿಯಾದಿಂದ ಬಂದ ಡೈಮಂಡ್ ವಿಮಾನದ್ದು ಕೆ.ಜಿ.ಯಲ್ಲಿ ಇರುತ್ತದೆ. ಒಂದು ಕಡೆ ಕೆ.ಜಿ., ಇನ್ನೊಂದು ಕಡೆ ಪೌಂಡು ಬರೆದು ಕೂಡಿಸಿದವರನ್ನು ನೋಡಿದ್ದೇನೆ. ಯಾವುದಾದರೂ ಒಂದಕ್ಕೆ ಎಲ್ಲವನ್ನೂ ಬದಲಾಯಿಸಿಕೊಂಡೇ ಶುರು ಮಾಡಿ. ನಾನು ಇಲ್ಲಿ ಕೆ.ಜಿ., ಲೀಟರಿನಲ್ಲೇ ಬರೆಯುತ್ತೇನೆ.

ಹಂತ 2: ಯೂಸ್‌ಫುಲ್ ಲೋಡ್ ಕಂಡುಹಿಡಿಯಿರಿ

ವಿಮಾನ ನೆಲ ಬಿಡುವಾಗ ಇರಬಹುದಾದ ಅತಿ ಹೆಚ್ಚು ತೂಕದಲ್ಲಿ ಖಾಲಿ ವಿಮಾನದ ತೂಕ ಕಳೆದರೆ ಸಿಗೋದು ಯೂಸ್‌ಫುಲ್ ಲೋಡ್. ಪೆಟ್ರೋಲು, ಜನ, ಸಾಮಾನು ಎಲ್ಲ ಇದರೊಳಗೇ ಬರಬೇಕು. ಇದರಲ್ಲಿ ಪೆಟ್ರೋಲಿನ ತೂಕ ಕಳೆದರೆ ಉಳಿಯೋದು ಪೇಲೋಡ್, ಅಂದರೆ ಜನರಿಗೂ ಬ್ಯಾಗಿಗೂ ಸಿಗುವ ಪಾಲು. ಪೈಲಟ್ ಆದ ನೀವೂ ಅದರಲ್ಲೇ ಬರುತ್ತೀರಿ, ಮರೀಬೇಡಿ.

ಸೆಸ್ನಾ 172ಎಸ್ ತಗೊಳ್ಳೋಣ. ಎಲ್ಲ ಕಡೆ ಬಾಡಿಗೆಗೆ ಸಿಗುವ ವಿಮಾನ ಇದು. ಗರಿಷ್ಠ ತೂಕ 1157 ಕೆ.ಜಿ. ಖಾಲಿ ತೂಕ 770 ಅಂತಿಟ್ಟುಕೊಳ್ಳಿ. ಉಳಿದದ್ದು 387. ಟ್ಯಾಂಕಿನಲ್ಲಿ ಬಳಸಬಹುದಾದ ಅವ್‌ಗ್ಯಾಸ್, ಅಂದರೆ ವಿಮಾನದ ಪೆಟ್ರೋಲು, ಸುಮಾರು 200 ಲೀಟರ್. ಲೀಟರಿಗೆ 0.72 ಕೆ.ಜಿ. ಲೆಕ್ಕದಲ್ಲಿ 144 ಕೆ.ಜಿ. ಆಯಿತು. ಇನ್ನು ಉಳಿದದ್ದು 243.

ಈಗ ಮನೆಯವರು. ನೀವು 80, ಹೆಂಡತಿ 62, ಅಪ್ಪ 72, ಅಮ್ಮ 60. ಒಟ್ಟು 274. ಒಂದು ಬ್ಯಾಗೂ ಹತ್ತಿಸುವ ಮೊದಲೇ 31 ಕೆ.ಜಿ. ಜಾಸ್ತಿ! ಮೇಲೆ ಎರಡು ರಾತ್ರಿಗೆ ಅಂತ 30 ಕೆ.ಜಿ. ಬ್ಯಾಗು ಸೇರಿಸಿದರೆ 304.

ಪೆಟ್ರೋಲು ಕಮ್ಮಿ ಮಾಡೋದೊಂದೇ ದಾರಿ. 387ರಲ್ಲಿ 304 ಹೋದರೆ 83 ಕೆ.ಜಿ., ಅಂದರೆ ಸುಮಾರು 115 ಲೀಟರ್. ಗಂಟೆಗೆ 36 ಲೀಟರ್ ಸುಡುತ್ತದೆ ಅಂದುಕೊಂಡರೆ ಮೂರು ಗಂಟೆ ಚಿಲ್ಲರೆ. ಹಗಲು, ಕಣ್ಣಿಗೆ ಕಾಣುವ ಹವಾಮಾನದಲ್ಲಿ ಇಲ್ಲಿನ ನಿಯಮ ಅರ್ಧ ಗಂಟೆಯ ಪೆಟ್ರೋಲು ಉಳಿಯಬೇಕು ಅನ್ನುತ್ತದೆ. ನಾನು ಪೂರ್ತಿ ಒಂದು ಗಂಟೆಯದು ಇಟ್ಟುಕೊಳ್ಳುತ್ತೇನೆ. ಹಾಗಾದರೆ ಎರಡು ಗಂಟೆಯ ಹಾರಾಟ ಸಿಕ್ಕಿತು. ಸ್ಯಾನ್ ಹೋಸೆಯಿಂದ ಟಾಹೋ ನೇರ ದಾರಿಯಲ್ಲಿ ಇನ್ನೂರು ಚಿಲ್ಲರೆ ಕಿ.ಮೀ. ದೂರಕ್ಕೆ ಸಾಕು. ಆದರೆ ಬೆಟ್ಟ ಇದೆ, ಅದಕ್ಕೆ ಆಮೇಲೆ ಬರೋಣ.

ಇನ್ನೊಂದು ಹಳ್ಳ ಇಲ್ಲೇ ಇದೆ. 172ಎಸ್‌ನ ಟ್ಯಾಂಕಿನ ಬಾಯೊಳಗೆ ಒಂದು ತಗಡಿನ ಪಟ್ಟಿ ಇರುತ್ತದೆ, ಅದನ್ನು ಟ್ಯಾಬ್ ಅನ್ನುತ್ತಾರೆ. ಎರಡೂ ಕಡೆ ಅಲ್ಲೀತನಕ ತುಂಬಿಸಿದರೆ 35 ಗ್ಯಾಲನ್, ಸುಮಾರು 132 ಲೀಟರ್. "ಟ್ಯಾಬ್‌ವರೆಗೆ ತುಂಬಿಸಿದ್ದೇನೆ, ನಾಲ್ಕು ಜನ ಹೋಗಬಹುದು" ಅಂತ ಕ್ಲಬ್ಬಿನಲ್ಲಿ ಮಾತು. ಮೇಲಿನ ಲೆಕ್ಕದಲ್ಲಿ ಅದು 95 ಕೆ.ಜಿ., ಅಂದರೆ ಹನ್ನೆರಡು ಕೆ.ಜಿ. ಜಾಸ್ತಿಯೇ. ಮಾತು ಬೇಡ, ನಿಮ್ಮ ಲೆಕ್ಕ ಮಾಡಿ. ಹಿಂದಿನವರು ಟ್ಯಾಂಕ್ ಫುಲ್ ಮಾಡಿಸಿ ಹೋಗಿದ್ದರೆ ತೆಗೆಸೋದು ದೊಡ್ಡ ತಲೆನೋವು. ಹಿಂದಿನ ದಿನವೇ ಕ್ಲಬ್ಬಿಗೆ ಹೇಳಿಡಿ.

ಇದೇ ಮನೆಯವರನ್ನು ಸಿರಸ್ ಎಸ್‌ಆರ್22ರಲ್ಲಿ ಕೂರಿಸಿ ನೋಡಿ. ಹೊಸದರ ಗರಿಷ್ಠ ತೂಕ 1633. ಖಾಲಿ 1066 ಅಂತಿಟ್ಟುಕೊಂಡರೆ 567 ಉಳಿಯಿತು. 348 ಲೀಟರ್ ಪೆಟ್ರೋಲು ಫುಲ್ ಮಾಡಿದರೂ, ಅದು 250 ಕೆ.ಜಿ., ಇನ್ನೂ 317 ಇದೆ. ನಮ್ಮ 304 ಒಳಗೆ ಬಂತು. ಖರ್ಚು ಎಷ್ಟು ಪಟ್ಟು ಅಂತ ಮಾತ್ರ ಕೇಳಬೇಡಿ. ಹುಷಾರು, ಈ 1633 ಬಂದದ್ದು 2013ರ ಜಿ5 ಮಾಡೆಲ್ಲಿನಿಂದ. ಅದಕ್ಕೂ ಹಳೆಯ ಎಸ್‌ಆರ್22 ಆದರೆ 1542 ಅಷ್ಟೇ. ಹೆಸರು ಒಂದೇ, ಹೊರಗಿಂದ ನೋಡಲೂ ಒಂದೇ ಥರ.

ಹಂತ 3: ನೆಲದ ಮೇಲೇ ಅರ್ಧ ಗಂಟೆ ಕೂತು ನೋಡಿ

ಕಾಗದದ ಮೇಲೆ ಕ್ಯಾಬಿನ್ ಅಗಲ ಹೀಗಿದೆ: ಸೆಸ್ನಾ 172 ಸುಮಾರು 100 ಸೆಂ.ಮೀ., ಪೈಪರ್ ಆರ್ಚರ್ 105 ಆಸುಪಾಸು, ಡೈಮಂಡ್ ಡಿಎ40 ಸುಮಾರು 114, ಸಿರಸ್ 124. ನೂರು ಸೆಂ.ಮೀ.ಯಲ್ಲಿ ಇಬ್ಬರು ಗಂಡಸರು ಪಕ್ಕ ಪಕ್ಕ ಕೂತರೆ ಭುಜಕ್ಕೆ ಭುಜ ತಾಗುತ್ತದೆ. ಗಂಡ ಹೆಂಡತಿ ಆದರೆ ಪರವಾಗಿಲ್ಲ, ಬೀಗರ ಜೊತೆಗಾದರೆ ಎರಡು ಗಂಟೆ ಬಹಳ ಉದ್ದ.

ಆದರೆ ಅಗಲ ಒಂದನ್ನೇ ನೋಡಿ ಆರಿಸಬೇಡಿ. ಹತ್ತೋದು, ಇಳಿಯೋದು ಅದಕ್ಕಿಂತ ದೊಡ್ಡ ವಿಷಯ, ಅದರಲ್ಲೂ ಹಿರಿಯರು ಇದ್ದರೆ.

ಸೆಸ್ನಾದಲ್ಲಿ ರೆಕ್ಕೆ ಮೇಲಿದೆ, ಎರಡು ಕಡೆ ಬಾಗಿಲಿದೆ. ನೆಲದಿಂದ ಒಂದು ಮೆಟ್ಟಿಲು ಹತ್ತಿ ಒಳಗೆ ಕೂರಬಹುದು. ಬಿಸಿಲಿಗೆ ರೆಕ್ಕೆಯೇ ನೆರಳು. ಕೆಳಗಿನ ಊರು, ಕೆರೆ ಚೆನ್ನಾಗಿ ಕಾಣುತ್ತದೆ. ತೊಂದರೆ ಏನೆಂದರೆ ರೆಕ್ಕೆಯ ಹಿಂದಿನ ಅಂಚು ಸರಿಯಾಗಿ ಹಣೆಯ ಎತ್ತರಕ್ಕೆ ಇರುತ್ತದೆ. ಸೆಸ್ನಾ ಓಡಿಸುವವರ ಹಣೆ ಮೇಲೆ ಒಂದು ಗುರುತು ಇದ್ದೇ ಇರುತ್ತದೆ ಅಂತ ತಮಾಷೆ ಮಾಡುತ್ತಾರೆ. ಬಂದವರಿಗೆ ಮೊದಲೇ ತೋರಿಸಿ.

ಪೈಪರ್ ಆರ್ಚರಿನಲ್ಲಿ ರೆಕ್ಕೆ ಕೆಳಗೆ, ಬಾಗಿಲು ಒಂದೇ, ಅದೂ ಬಲಗಡೆ. ರೆಕ್ಕೆ ಮೇಲೆ ಹತ್ತಿ, ಬಗ್ಗಿ, ಮುಂದಿನ ಸೀಟು ದಾಟಿ ಒಳಗೆ ಇಳಿಯಬೇಕು. ಸೀರೆ ಉಟ್ಟ ಅಮ್ಮನಿಗೆ, ಮಂಡಿ ನೋವಿರುವ ಅಪ್ಪನಿಗೆ ಇದು ಕಷ್ಟ. ಪೈಲಟ್ ಮೊದಲು ಹತ್ತಬೇಕು, ಕೊನೆಗೆ ಇಳಿಯಬೇಕು. ಹಾಗಾಗಿ ಹಿರಿಯರ ಕೈ ಹಿಡಿದು ಇಳಿಸಲು ನೀವು ಹೊರಗೆ ಇರಲ್ಲ. ಇದು ಹೊಳೆಯೋದು ಅಲ್ಲಿಗೆ ಹೋದಮೇಲೆ.

ಡಿಎ40ಗೆ ಹಿಂದಿನವರಿಗೆ ಬೇರೆ ಬಾಗಿಲು ಇದೆ, ಅದು ಒಳ್ಳೆಯದು. ಮುಂದಿನ ಸೀಟು ಹಿಂದೆ ಮುಂದೆ ಜರುಗಲ್ಲ, ಬದಲಿಗೆ ಕಾಲಿನ ಪೆಡಲ್ಲೇ ಜರುಗುತ್ತದೆ. ಆದ್ದರಿಂದ ಉದ್ದನೆಯ ಪೈಲಟ್ ಕೂತರೂ ಹಿಂದಿನವರ ಮಂಡಿ ಜಾಗ ಹಾಗೇ ಉಳಿಯುತ್ತದೆ. ಆದರೆ ಹಾರಿಸುವ ಕೋಲು ಎರಡೂ ಮುಂದಿನ ಸೀಟಿನವರ ಕಾಲುಗಳ ನಡುವೆ ಎದ್ದು ನಿಂತಿರುತ್ತದೆ. ಸೀರೆಯವರನ್ನು ಮುಂದೆ ಕೂರಿಸಬೇಡಿ. ಮೇಲೆಲ್ಲ ಪಾರದರ್ಶಕ ಗುಮ್ಮಟ. ನೋಟ ಚೆಂದ, ಆದರೆ ಜುಲೈ ಬಿಸಿಲಿನಲ್ಲಿ ನೆಲದ ಮೇಲೆ ನಿಂತಿದ್ದರೆ ಇಡ್ಲಿ ಪಾತ್ರೆ.

ಸಿರಸ್ಸಿಗೆ ಎರಡು ಕಡೆ ಬಾಗಿಲು, ಕಾರಿನಂಥ ಸೀಟು, ಕೋಲು ಪಕ್ಕಕ್ಕೆ ಇರೋದರಿಂದ ಮಡಿಲು ಖಾಲಿ. ಎಷ್ಟೋ ಸಿರಸ್ಸುಗಳಲ್ಲಿ ಏಸಿ ಇರುತ್ತದೆ. ಏಸಿಯ ತೂಕವೂ ನಿಮ್ಮ ಯೂಸ್‌ಫುಲ್ ಲೋಡಿನಿಂದಲೇ ಹೋಗಿರುತ್ತದೆ. ಇದಕ್ಕೂ ರೆಕ್ಕೆ ಮೇಲೆ ಕಾಲಿಟ್ಟೇ ಹತ್ತಬೇಕು.

ಒಮ್ಮೆ ಎಲ್ಲರೂ ಕೂತು, ಬೆಲ್ಟು ಹಾಕಿ, ಬಾಗಿಲು ಮುಚ್ಚಿ, ಹೆಡ್‌ಸೆಟ್ ಹಾಕಿಕೊಂಡು ಅರ್ಧ ಗಂಟೆ ಇರಿ. ಎಂಜಿನ್ ಬೇಡ. ಕಾಲು ಮರಗಟ್ಟುತ್ತದಾ, ತಲೆ ಛಾವಣಿಗೆ ತಾಗುತ್ತದಾ, ಹೆಡ್‌ಸೆಟ್ ಬಿಗಿಯಾಗಿ ಕಿವಿ ನೋಯುತ್ತದಾ, ಉಸಿರು ಕಟ್ಟಿದಂತೆ ಆಗುತ್ತದಾ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಮೇಲೆ ಹೋದಮೇಲೆ "ಗಾಡಿ ನಿಲ್ಸಪ್ಪ" ಅಂದರೆ ನಿಲ್ಲಿಸೋಕಾಗಲ್ಲ.

ಕುಲುಕಾಟದ ಬಗ್ಗೆಯೂ ಕೇಳುತ್ತಾರೆ. ರೆಕ್ಕೆಯ ಒಂದೊಂದು ಚದರ ಮೀಟರ್ ಎಷ್ಟು ಭಾರ ಹೊರುತ್ತದೆ ಅನ್ನೋದನ್ನು ವಿಂಗ್ ಲೋಡಿಂಗ್ ಅನ್ನುತ್ತಾರೆ. ಪೂರ್ತಿ ತೂಕದಲ್ಲಿ 172ರದ್ದು ಸುಮಾರು 72 ಕೆ.ಜಿ., ಸಿರಸ್ಸಿನದು 121. ಭಾರ ಜಾಸ್ತಿ ಇದ್ದಷ್ಟೂ ಸಣ್ಣ ಗಾಳಿಯ ಹೊಡೆತಕ್ಕೆ ಕಮ್ಮಿ ಅಲ್ಲಾಡುತ್ತದೆ. ಆದರೆ ಬೆಳಗ್ಗೆ ಏಳಕ್ಕೆ ಹೊರಟ 172, ಮಧ್ಯಾಹ್ನ ಎರಡಕ್ಕೆ ಹೊರಟ ಸಿರಸ್ಸಿಗಿಂತ ಹಾಯಾಗಿ ಹೋಗುತ್ತದೆ. ನನ್ನನ್ನು ಕೇಳಿದರೆ ವಿಮಾನ ಬದಲಾಯಿಸುವ ಮೊದಲು ಅಲಾರಂ ಬದಲಾಯಿಸಿ.

ಹಂತ 4: ಬ್ಯಾಗು ಎಲ್ಲಿ, ಎಷ್ಟು

ಮೊದಲು ಮಿತಿಗಳು. 172ಎಸ್‌ನಲ್ಲಿ ಹಿಂದೆ ಎರಡು ಭಾಗ. ಮೊದಲನೆಯದಕ್ಕೆ 54 ಕೆ.ಜಿ., ಅದರ ಹಿಂದಿನದಕ್ಕೆ 23. ಎಲ್ಲರೂ 77 ಅಂದುಕೊಳ್ಳುತ್ತಾರೆ. ಅಲ್ಲ, ಎರಡೂ ಸೇರಿ 54 ದಾಟಬಾರದು. ಆರ್ಚರಿನಲ್ಲಿ 91 ಕೆ.ಜಿ. ಇಡಬಹುದು, ಈ ಗುಂಪಿನಲ್ಲಿ ಅದೇ ಧಾರಾಳಿ. ಸಿರಸ್ಸಿಗೆ 59. ಡಿಎ40ಯ ಮಾಮೂಲಿ ಜಾಗಕ್ಕೆ 30 ಮಾತ್ರ, ಅದಕ್ಕೆ ಬೇರೆ ಡಿಕ್ಕಿ ಬಾಗಿಲೂ ಇಲ್ಲ, ಹಿಂದಿನ ಸೀಟಿನ ಮೇಲಿಂದಲೇ ತೂರಿಸಬೇಕು.

ಈ ಅಂಕಿ ಅಲ್ಲಿನ ನೆಲ ಎಷ್ಟು ತಡೆಯುತ್ತದೆ ಅನ್ನೋದಷ್ಟೇ. ಅಷ್ಟು ಇಟ್ಟರೆ ಹಾರಬಹುದು ಅಂತ ಅರ್ಥವಲ್ಲ. ಒಟ್ಟು ತೂಕವೂ ಸರಿ ಇರಬೇಕು, ತೂಕದ ನಡುಬಿಂದುವೂ ಸರಿ ಇರಬೇಕು.

ನಡುಬಿಂದು ಅಂದರೆ ಸಿ.ಜಿ. ತಕ್ಕಡಿ ನೆನಪು ಮಾಡಿಕೊಳ್ಳಿ, ದಂಡ ಎಲ್ಲಿ ಹಿಡಿದರೆ ಸಮ ನಿಲ್ಲುತ್ತದೋ ಆ ಜಾಗ. ಅದು ತೀರಾ ಹಿಂದೆ ಹೋದರೆ ಮೂತಿ ಎದ್ದುಕೊಳ್ಳುತ್ತದೆ, ವೇಗ ಕಮ್ಮಿಯಾಗಿ ವಿಮಾನ ಕುಸಿಯಲು ಶುರುವಾದರೆ ಮೂತಿ ಇಳಿಸಿ ಸರಿಮಾಡಲು ಆಗದೇ ಹೋಗಬಹುದು. ತೀರಾ ಮುಂದೆ ಹೋದರೆ ಇಳಿಯುವಾಗ ಮೂತಿ ಎತ್ತಲು ಬಾಲಕ್ಕೆ ಶಕ್ತಿ ಸಾಲಲ್ಲ. ಹಿಂದೆ ಹೋಗೋದೇ ಜಾಸ್ತಿ ಅಪಾಯ.

ಲೆಕ್ಕ ಕಷ್ಟವೇನಲ್ಲ. ಒಂದು ಗೊತ್ತಾದ ಜಾಗದಿಂದ ಪ್ರತಿ ಭಾರ ಎಷ್ಟು ದೂರ ಅನ್ನೋದು ಆರ್ಮ್. ತೂಕ ಗುಣಿಸು ಆರ್ಮ್ ಅಂದರೆ ಮೊಮೆಂಟ್. ಎಲ್ಲ ಮೊಮೆಂಟ್ ಕೂಡಿಸಿ ಒಟ್ಟು ತೂಕದಿಂದ ಭಾಗಿಸಿ. 172ಎಸ್‌ನಲ್ಲಿ ಮುಂದಿನ ಸೀಟು 37 ಇಂಚು, ಹಿಂದಿನ ಸೀಟು 73, ಬ್ಯಾಗಿನ ಮೊದಲ ಭಾಗ 95, ಪೆಟ್ರೋಲು 48. ಖಾಲಿ ವಿಮಾನದ್ದು 40.5 ಅಂತಿಟ್ಟುಕೊಳ್ಳಿ.

ಖಾಲಿ 770 × 40.5 = 31185
ಮುಂದೆ ಇಬ್ಬರು 142 × 37 = 5254
ಹಿಂದೆ ಇಬ್ಬರು 132 × 73 = 9636
ಬ್ಯಾಗು 30 × 95 = 2850
ಪೆಟ್ರೋಲು 83 × 48 = 3984

ಒಟ್ಟು ತೂಕ 1157, ಒಟ್ಟು ಮೊಮೆಂಟ್ 52909. ಭಾಗಿಸಿದರೆ 45.7 ಇಂಚು. ಪೂರ್ತಿ ತೂಕದಲ್ಲಿ 41.0ರಿಂದ 47.3ರ ಒಳಗೆ ಇರಬೇಕು, ಇದೆ. ಸರಿಹೋಯಿತು.

ಇಳಿಯುವ ಹೊತ್ತಿನ ಲೆಕ್ಕವನ್ನೂ ಮಾಡಿ. ಇದನ್ನು ಮರೆಯುವವರೇ ಜಾಸ್ತಿ. 172ರಲ್ಲಿ ಪೆಟ್ರೋಲು ಸುಟ್ಟಂತೆ ನಡುಬಿಂದು ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಬೀಚ್‌ಕ್ರಾಫ್ಟ್ ಬೊನಾನ್ಝಾದಲ್ಲಿ ಹಾಗಲ್ಲ. ಟ್ಯಾಂಕು ಮುಂದಿದೆ, ಪೆಟ್ರೋಲು ಖರ್ಚಾದಂತೆ ನಡುಬಿಂದು ಹಿಂದೆ ಹಿಂದೆ ಸರಿಯುತ್ತದೆ. ಹೊರಡುವಾಗ ಸರಿ ಇದ್ದದ್ದು ಇಳಿಯುವಾಗ ಮಿತಿ ದಾಟಿರಬಹುದು. ಆರು ಸೀಟಿದೆ, ದೊಡ್ಡ ಜೋಡಿ ಬಾಗಿಲಿದೆ ಅಂತ ಎ36 ಬೊನಾನ್ಝಾ ಕಣ್ಣಿಗೆ ಬೀಳುತ್ತದೆ, ನಿಜಕ್ಕೂ ಒಳ್ಳೆಯ ವಿಮಾನ, ಆದರೆ ಹಿಂದಿನ ಎರಡು ಸೀಟಿನಲ್ಲಿ ದೊಡ್ಡವರನ್ನು ಕೂರಿಸಿ ಅದರ ಹಿಂದೆ ಬ್ಯಾಗೂ ತುಂಬುವ ಆಸೆ ಬೇಡ. ಆರು ಜನರ ಸಂಸಾರಕ್ಕೆ ಪೈಪರ್ ಚೆರೋಕಿ ಸಿಕ್ಸ್ ಇನ್ನೂ ಅನುಕೂಲ. ಅದರಲ್ಲಿ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವೆ 45 ಕೆ.ಜಿ. ಹಿಡಿಸುವ ಒಂದು ಡಬ್ಬಿ ಇದೆ, ಹಿಂದೆಯೂ 45 ಇಡಬಹುದು. ಮುಂದೆ ಒಂದಷ್ಟು, ಹಿಂದೆ ಒಂದಷ್ಟು ಹಾಕಿ ತಕ್ಕಡಿ ಸರಿಮಾಡಿಕೊಳ್ಳಬಹುದು.

ಜಾಗದ ವಿಷಯ. ಗಟ್ಟಿ ಸೂಟ್‌ಕೇಸು ಮನೆಯಲ್ಲೇ ಬಿಡಿ, ಮೆತ್ತನೆ ಚೀಲ ತನ್ನಿ. ಬ್ಯಾಗು ಹಾಕುವ ಬಾಗಿಲನ್ನು ಟೇಪಿನಲ್ಲಿ ಅಳೆಯಿರಿ, 172ರದ್ದು 38 ಸೆಂ.ಮೀ. ಆಸುಪಾಸು ಅಗಲ ಅಷ್ಟೇ. ಮಡಚುವ ಸ್ಟ್ರಾಲರ್, ಗಾಲಿಕುರ್ಚಿ ಇದ್ದರೆ ಹಿಂದಿನ ದಿನವೇ ಹಾಕಿ ನೋಡಿ.

ಭಾರದ್ದು ಕೆಳಗೆ ಮತ್ತು ಸೀಟಿಗೆ ಹತ್ತಿರ, ಹಗುರದ್ದು ಹಿಂದೆ. ಮೇಲೆ ಬಲೆ ಅಥವಾ ಪಟ್ಟಿ ಕಟ್ಟಲೇಬೇಕು. ಗಾಳಿ ಹೊಡೆದಾಗ ಸಡಿಲವಾದ ಚೀಲ ಹಿಂದಿನವರ ತಲೆಗೇ ಬರುತ್ತದೆ. ಮುಂದಿನವರ ಕಾಲ ಬುಡದಲ್ಲಿ ಏನೂ ಇಡಬೇಡಿ, ಅಲ್ಲಿ ಪೆಡಲ್ಲುಗಳಿವೆ. ಪವರ್ ಬ್ಯಾಂಕು, ಲ್ಯಾಪ್‌ಟಾಪು ಕೈಗೆ ಸಿಗುವಲ್ಲಿ ಇರಲಿ, ಹೊಗೆ ಬಂದರೆ ಡಿಕ್ಕಿಗೆ ಕೈ ಹೋಗಲ್ಲ. ಕರಡಿ ಓಡಿಸುವ ಸ್ಪ್ರೇ ಟಾಹೋಗೆ ಅಂತ ತರುತ್ತಾರೆ, ದಯವಿಟ್ಟು ಬೇಡ. ಅದು ಒಳಗೆ ಸೋರಿದರೆ ಪೈಲಟ್ಟಿಗೆ ಕಣ್ಣು ಬಿಡೋಕಾಗಲ್ಲ.

ಇನ್ನು ಉಪ್ಪಿನಕಾಯಿ. ಈ ವಿಮಾನಗಳಲ್ಲಿ ಒಳಗಿನ ಗಾಳಿಯ ಒತ್ತಡ ಹೊರಗಿನಷ್ಟೇ. ಹತ್ತು ಸಾವಿರ ಅಡಿಯಲ್ಲಿ ಚಿಪ್ಸ್ ಪೊಟ್ಟಣ ಬಲೂನಿನಂತೆ ಉಬ್ಬುತ್ತದೆ, ತುಂಬಿ ಮುಚ್ಚಿದ ಡಬ್ಬಿಯಿಂದ ಎಣ್ಣೆ ಹೊರಗೆ ಬರುತ್ತದೆ. ಮಾವಿನಮಿಡಿಯ ಎಣ್ಣೆ ಕ್ಲಬ್ಬಿನ ಕಾರ್ಪೆಟ್ಟಿನಿಂದ ತೆಗೆಯಲು ನನಗೆ ಒಂದು ಶನಿವಾರ ಪೂರ್ತಿ ಹಿಡಿಯಿತು.

ಹಂತ 5: ಎತ್ತರ, ಬಿಸಿಲು ಸೇರಿಸಿ ಇನ್ನೊಮ್ಮೆ ನೋಡಿ

ಲೆಕ್ಕ ಸರಿ ಬಂದರೂ ವಿಮಾನ ಏರಬೇಕಲ್ಲ. ಸೌತ್ ಲೇಕ್ ಟಾಹೋ ನಿಲ್ದಾಣ 6200 ಅಡಿಗೂ ಮೇಲಿದೆ. ಅಲ್ಲಿ 30 ಡಿಗ್ರಿ ಬಿಸಿಲಿದ್ದರೆ ಗಾಳಿ ತೆಳುವಾಗಿ, ವಿಮಾನಕ್ಕೆ ತಾನು 9500 ಅಡಿಯಲ್ಲಿ ಇದ್ದಂತೆ ಆಗುತ್ತದೆ. ಇದನ್ನೇ ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನೋದು. ಪೂರ್ತಿ ತೂಕದ 172 ಅಲ್ಲಿ ನಿಮಿಷಕ್ಕೆ 300 ಅಡಿ ಆಸುಪಾಸು ಏರಿದರೆ ಹೆಚ್ಚು, ಸುತ್ತಲೂ ಬೆಟ್ಟ. ನಾನಾದರೆ ನಾಲ್ಕು ಜನರನ್ನು ಕೂರಿಸಿಕೊಂಡು 172ರಲ್ಲಿ ಅಲ್ಲಿಗೆ ಹೋಗಲ್ಲ. ತಗ್ಗಿನಲ್ಲಿರುವ ನಾಪಾಗೋ ಮಾಂಟೆರೇಗೋ ಹೋಗುತ್ತೇನೆ.

ಬೆಂಗಳೂರಿನಲ್ಲಿ ಕಲಿಯುತ್ತಿರುವವರಿಗೂ ಇದು ಅನ್ವಯಿಸುತ್ತದೆ. ಜಕ್ಕೂರು ಸುಮಾರು 3000 ಅಡಿ ಎತ್ತರದಲ್ಲಿದೆ. ಏಪ್ರಿಲ್ಲಿನ 33 ಡಿಗ್ರಿಯಲ್ಲಿ ಅದು ಹೆಚ್ಚುಕಮ್ಮಿ 6000 ಅಡಿಯಂತೆ ನಡೆದುಕೊಳ್ಳುತ್ತದೆ. ಸಮುದ್ರ ಮಟ್ಟದ ಅಂಕಿ ನೋಡಿ ಭಾರ ತುಂಬಬೇಡಿ.

ಊರಲ್ಲಿ ಚಾರ್ಟರ್ ಮಾಡಿ, ಅಂದರೆ ಇಡೀ ವಿಮಾನ ಬಾಡಿಗೆಗೆ ಹಿಡಿದು ಹೋಗುವವರು ಕೇಳಿದ್ದಕ್ಕೆ ಒಂದೇ ಮಾತು. ಕಿಂಗ್ ಏರ್, ಪಿಸಿ-12 ಥರದ ದೊಡ್ಡ ವಿಮಾನವೇ ಆಗಲಿ, "ಎಷ್ಟು ಸೀಟು" ಅಂತ ಕೇಳಬೇಡಿ. ನಿಮ್ಮ ಜನ, ಬ್ಯಾಗಿನ ತೂಕ ಕೊಟ್ಟು "ಈ ದೂರಕ್ಕೆ ನಡುವೆ ಇಂಧನ ತುಂಬಿಸಲು ಇಳಿಯದೆ ಹೋಗುತ್ತದಾ" ಅಂತ ಕೇಳಿ. ಸ್ಟ್ರೆಚರ್, ದೊಡ್ಡ ಪೆಟ್ಟಿಗೆ ಇದ್ದರೆ ಪಿಸಿ-12ರ ಹಿಂದಿನ ಬಾಗಿಲು 1.35 ಮೀಟರ್ ಅಗಲ ಇದೆ, ಅದು ದೊಡ್ಡ ಅನುಕೂಲ.

ಹಂತ 6: ಹತ್ತುವ, ಇಳಿಯುವ ಕ್ರಮ

ಎಲ್ಲರೂ ಹೊರಡುವ ಮೊದಲು ಶೌಚಕ್ಕೆ ಹೋಗಿ ಬರಲಿ, ಒಳಗೆ ಆ ವ್ಯವಸ್ಥೆ ಇಲ್ಲ. ಹಾಗಂತ ಹಿರಿಯರಿಗೆ ನೀರು ಕುಡಿಯಬೇಡಿ ಅನ್ನಬೇಡಿ, ಎತ್ತರದಲ್ಲಿ ತಲೆನೋವು ಬರುತ್ತದೆ. ಮಕ್ಕಳಿಗೆ ಕಿವಿ ಕಟ್ಟುತ್ತದೆ, ಇಳಿಯುವಾಗ ಚೀಪಲು ಏನಾದರೂ ಕೊಡಿ. ವಾಂತಿ ಚೀಲ ಪ್ರತಿ ಸೀಟಿಗೂ ಇರಲಿ, ಹಿಂದಿನವರಿಗೇ ಮೊದಲು ಬೇಕಾಗೋದು.

ಸೆಸ್ನಾದಲ್ಲಿ ಮುಂದಿನ ಸೀಟು ಹಳಿಯ ಮೇಲೆ ಜರುಗುತ್ತದೆ. ಕೂತಮೇಲೆ ಹಿಂದೆ ಮುಂದೆ ಜಗ್ಗಿ, ಕೊಂಡಿ ಬಿದ್ದಿದೆಯಾ ನೋಡಿ. ಏರುವಾಗ ಸೀಟು ಹಿಂದಕ್ಕೆ ಜಾರಿದರೆ ಪೈಲಟ್ಟಿನ ಕೈ ಚುಕ್ಕಾಣಿಯನ್ನು ಹಿಡಿದೇ ಹಿಂದೆ ಹೋಗುತ್ತದೆ, ಮೂತಿ ಮೇಲಕ್ಕೆ ಏಳುತ್ತದೆ.

ಹಿಂದೆ ಬಾಗಿಲಿರುವ ಆರು ಸೀಟಿನ ವಿಮಾನದಲ್ಲಿ ಮುಂದಿನ ಸೀಟಿನವರು ಮೊದಲು ಕೂರಬೇಕು, ಆಮೇಲೆ ಹಿಂದಿನವರು, ಬ್ಯಾಗು. ಇಳಿಯುವಾಗ ಉಲ್ಟಾ: ಮೊದಲು ಹಿಂದಿನ ಬ್ಯಾಗು, ಆಮೇಲೆ ಹಿಂದಿನವರು, ಕೊನೆಗೆ ಮುಂದಿನವರು. ಮುಂದಿನವರು ಫೋಟೋ ತೆಗೆಯುವ ಆತುರದಲ್ಲಿ ಮೊದಲು ಹಾರಿಕೊಂಡರೆ ಮೂತಿ ಎದ್ದು ಬಾಲ ನೆಲಕ್ಕೆ ಕೂರಬಹುದು.